ಸಂವಾಹನ, ಪರಿಮರ್ದನ, ಉದ್ವರ್ತನ: ಜೈನ ಆಚಾರಗ್ರಂಥಗಳಲ್ಲಿ ಹಸ್ತೋಪಚಾರದ ವಿಚಾರ

ಜೈನ ವೈದ್ಯವಾಙ್ಮಯದ ಇತಿಹಾಸವನ್ನು ಬರೆದ ವಿದ್ವಾಂಸರ ದೃಷ್ಟಿಯು ಸಾಮಾನ್ಯವಾಗಿ ಔಷಧಗಳ ಕಡೆಗೆ ಹರಿದಿದೆ. ಉಗ್ರಾದಿತ್ಯಾಚಾರ್ಯನ ಕಲ್ಯಾಣಕಾರಕ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮೊದಲಾದ ಗ್ರಂಥಗಳನ್ನು ಮುಂದಿಟ್ಟುಕೊಂಡು ಕಷಾಯ, ತೈಲ, ರಸ, ವಿಷಪ್ರತೀಕಾರಗಳ ವಿಚಾರವನ್ನು ಅವರು ವಿಸ್ತಾರವಾಗಿ ಮಾಡಿರುತ್ತಾರೆ. ಆದರೆ ಕೇವಲ ಕೈಗಳಿಂದ ಮಾಡುವ ಉಪಚಾರ, ಎಂದರೆ ನೊಂದ ಅಂಗವನ್ನು ಮುಟ್ಟುವುದು, ಒತ್ತುವುದು, ತಿಕ್ಕುವುದು, ಬಿಗಿದ ಕೀಲನ್ನು ಮಡಿಸಿ ಚಾಚಿಸುವುದು, ಏಳಲಾರದವನನ್ನು ಮಗ್ಗುಲು ತಿರುಗಿಸುವುದು ಎಂಬ ಕ್ರಿಯಾಸಮೂಹದ ಕಡೆಗೆ ಅಷ್ಟು ಗಮನ ಹೋಗಿಲ್ಲ. ಇದಕ್ಕೆ ಕಾರಣವೂ ಉಂಟು. ಈ ಕ್ರಿಯೆಗಳ ಅತ್ಯಂತ ಪ್ರಾಚೀನವೂ ಸೂಕ್ಷ್ಮವೂ ಆದ ಜೈನ ಉಲ್ಲೇಖಗಳಿರುವುದು ವೈದ್ಯಗ್ರಂಥಗಳಲ್ಲಲ್ಲ, ಮುನಿಗಳ ಆಚಾರವನ್ನು ವಿಧಿಸುವ ಗ್ರಂಥಗಳಲ್ಲಿ. ಭಾಂಡಾರಗಳ ಸೂಚಿಯಲ್ಲಿ ವೈದ್ಯವೆಂಬ ಶೀರ್ಷಿಕೆಯ ಕೆಳಗೆ ಹುಡುಕುವವನಿಗೆ ಭಗವತೀ ಆರಾಧನೆಯ ಓಲೆ ಕೈಗೆ ಸಿಕ್ಕುವ ಸಂಭವವಿಲ್ಲ.

ಆಚಾರಗ್ರಂಥಗಳನ್ನು ತೆರೆದೊಡನೆ ಒಂದು ವಿರೋಧಾಭಾಸವು ಎದುರಾಗುತ್ತದೆ. ಒಂದು ಕಡೆ ಮೈಯನ್ನು ಒತ್ತಿಸಿಕೊಳ್ಳುವುದು ಮುನಿಗೆ ಅನಾಚಾರವೆಂದು ನಿಷೇಧ. ಮತ್ತೊಂದು ಕಡೆ ಅದೇ ಮೈಯನ್ನು ಒತ್ತುವುದಕ್ಕೆ ನಾಲ್ವರು ಮುನಿಗಳನ್ನು ನಿಯಮಿಸಬೇಕೆಂಬ ವಿಧಿ. ನಿಷೇಧವನ್ನು ಮಾತ್ರ ಓದಿದವರು ಜೈನಧರ್ಮವು ಶರೀರದ ನೋವನ್ನು ಕಡೆಗಣಿಸಿತೆಂದು ಬರೆದದ್ದುಂಟು. ವಿಧಿಯನ್ನು ಮಾತ್ರ ಓದಿದವರು ಅದನ್ನು ಕಾಲಾಂತರದಲ್ಲಿ ಬಂದ ಶೈಥಿಲ್ಯವೆಂದು ತಿಳಿಯುವ ಅಪಾಯವಿದೆ. ಎರಡೂ ಸರಿಯಲ್ಲ.

ನಿಷೇಧದ ಪಕ್ಷವನ್ನು ಮೊದಲು ನೋಡಬಹುದು. ಶ್ವೇತಾಂಬರ ಆಗಮವಾದ ದಶವೈಕಾಲಿಕದ ಮೂರನೆಯ ಅಧ್ಯಯನದಲ್ಲಿ ನಿರ್ಗ್ರಂಥರಿಗೆ ಅನಾಚೀರ್ಣವಾದ ಸಂಗತಿಗಳ ದೀರ್ಘವಾದ ಪಟ್ಟಿಯಿದೆ. ಅದರಲ್ಲಿ ಸಂವಾಹನವೂ, ಗಾತ್ರದ ಉದ್ವರ್ತನವೂ, ಗಾತ್ರಾಭ್ಯಂಗವೂ ಹಲ್ಲುಜ್ಜುವುದು, ಕನ್ನಡಿಯಲ್ಲಿ ಮೈ ನೋಡಿಕೊಳ್ಳುವುದು, ವಮನ, ವಿರೇಚನ, ಬಸ್ತಿಕರ್ಮ ಮುಂತಾದವುಗಳ ಜೊತೆಯಲ್ಲಿ ಸೇರಿವೆ. ಆಚಾರಾಂಗದ ಎರಡನೆಯ ಶ್ರುತಸ್ಕಂಧದಲ್ಲಿರುವ ಪರಕ್ರಿಯಾ ಪ್ರಕರಣವು ಇನ್ನೂ ವಿವರವಾದುದು. ಗೃಹಸ್ಥನೊಬ್ಬನು ಬಂದು ಮುನಿಯ ಪಾದಗಳನ್ನು ಒರಸಿದರೆ, ಒತ್ತಿದರೆ, ತಿಕ್ಕಿದರೆ. ಎಣ್ಣೆಯನ್ನೋ ತುಪ್ಪವನ್ನೋ ವಸೆಯನ್ನೋ ಸವರಿದರೆ. ಲೋಧ್ರವೇ ಮೊದಲಾದ ಚೂರ್ಣಗಳನ್ನು ಲೇಪಿಸಿದರೆ, ಮುನಿಯು ಅದನ್ನು ಮನಸ್ಸಿನಿಂದ ಬಯಸಲೂ ಕೂಡದು, ಮಾಡೆಂದು ಹೇಳಲೂ ಕೂಡದು. ಪಾದಗಳಿಗೆ ಹೇಳಿದ್ದನ್ನೇ ಮುಂದೆ ಶರೀರಕ್ಕೂ ವ್ರಣಕ್ಕೂ ಅನ್ವಯಿಸಿ ಹೇಳಲಾಗಿದೆ. ಮುಂದಿನ ಪ್ರಕರಣವು ಮುನಿಗಳು ತಮ್ಮ ತಮ್ಮಲ್ಲೇ ಇದನ್ನು ಮಾಡಿಕೊಳ್ಳುವುದನ್ನು ಕುರಿತದ್ದು. ಇಲ್ಲಿ ಪದಗಳ ಕ್ರಮವನ್ನು ಗಮನಿಸಬೇಕು. ಒರಸುವುದು ಬೇರೆ, ಒತ್ತುವುದು ಬೇರೆ, ಬಲವಾಗಿ ತಿಕ್ಕುವುದು ಬೇರೆ, ಸ್ನೇಹವನ್ನು ಸವರುವುದು ಬೇರೆ. ನಿಷೇಧಿಸುವವರಿಗೆ ಈ ವಿದ್ಯೆಯ ಪರಿಚಯವು ಚೆನ್ನಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಆ ಪರಿಚಯವು ಎಲ್ಲಿಯದು? ಕಲ್ಪಸೂತ್ರದಲ್ಲಿ ಸಿದ್ಧಾರ್ಥಮಹಾರಾಜನು ತ್ರಿಶಲಾದೇವಿಯ ಸ್ವಪ್ನಗಳನ್ನು ಕೇಳಿದ ಮರುದಿನ ಬೆಳಿಗ್ಗೆ ವ್ಯಾಯಾಮಶಾಲೆಯನ್ನು ಹೊಗುವ ಸಂದರ್ಭವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಅರಸನು ನೆಗೆತ, ಅಂಗಗಳನ್ನು ತಿರುಚುವಿಕೆ, ಮಲ್ಲಯುದ್ಧ ಮೊದಲಾದ ವ್ಯಾಯಾಮಗಳಿಂದ ದಣಿದ ಮೇಲೆ ಶತಪಾಕ ಸಹಸ್ರಪಾಕಗಳೆಂಬ ಸುಗಂಧತೈಲಗಳಿಂದ ಅವನಿಗೆ ಅಭ್ಯಂಗವಾಗುತ್ತದೆ. ಆ ತೈಲವು ಧಾತುಗಳನ್ನು ತೃಪ್ತಿಗೊಳಿಸುವುದು, ಅಗ್ನಿಯನ್ನು ದೀಪನಗೊಳಿಸುವುದು, ಬಲವನ್ನು ಹೆಚ್ಚಿಸುವುದು, ಸರ್ವೇಂದ್ರಿಯಗಳಿಗೂ ಆಹ್ಲಾದವನ್ನೀಯುವುದು ಎಂದು ವರ್ಣಿತವಾಗಿದೆ. ಮರ್ದಕರ ಲಕ್ಷಣವನ್ನೂ ಗ್ರಂಥವು ಬಿಟ್ಟಿಲ್ಲ: ಅವರ ಅಂಗೈ ಅಂಗಾಲುಗಳು ಮೃದುವಾಗಿರಬೇಕು, ಅವರು ಅಭ್ಯಂಗ, ಪರಿಮರ್ದನ, ಉದ್ವಲನಗಳ ಗುಣಗಳನ್ನು ಬಲ್ಲವರಾಗಿ, ಚತುರರೂ ದಕ್ಷರೂ ಶ್ರಮವನ್ನು ಜಯಿಸಿದವರೂ ಆಗಿರಬೇಕು. ಅವರು ಮಾಡುವ ಸಂವಾಹನವು ನಾಲ್ಕು ವಿಧ. ಅಸ್ಥಿಗಳಿಗೆ ಸುಖಕರ, ಮಾಂಸಕ್ಕೆ ಸುಖಕರ, ತ್ವಕ್ಕಿಗೆ ಸುಖಕರ, ರೋಮಗಳಿಗೆ ಸುಖಕರ. ಒತ್ತಡದ ಆಳವನ್ನು ಆಧಾರವಾಗಿಟ್ಟುಕೊಂಡು ಮಾಡಿದ ವಿಭಾಗವಿದು. ಕೂದಲನ್ನಷ್ಟೇ ಸೋಕುವ ಹಗುರವಾದ ಸ್ಪರ್ಶದಿಂದ ಎಲುಬಿನವರೆಗೆ ಇಳಿಯುವ ಒತ್ತಿನವರೆಗೆ ಕೈಯ ಬಲವನ್ನು ನಾಲ್ಕು ಅಂತಸ್ತುಗಳಲ್ಲಿ ಅಳೆದಿದ್ದಾರೆ.

ಇದೇ ವರ್ಣನೆಯು ಜ್ಞಾತೃಧರ್ಮಕಥೆಯಲ್ಲಿ ಶ್ರೇಣಿಕನಿಗೂ, ಔಪಪಾತಿಕದಲ್ಲಿ ಕೂಣಿಕನಿಗೂ ಬಂದಿದೆ. ಆಗಮಗಳ ಪ್ರತಿಗಳನ್ನು ನೋಡಿದವರಿಗೆ ಈ ಬಗೆಯ ವರ್ಣಕಗಳ ಪಾಡು ತಿಳಿದೇ ಇದೆ. ಮೊದಲ ಒಂದೆರಡು ಪದಗಳನ್ನು ಬರೆದು, ‘ಜಾವ’ ಎಂದು ಹಾಕಿ, ಕಡೆಯ ಪದಕ್ಕೆ ಲಿಪಿಕಾರನು ಹಾರಿಬಿಡುತ್ತಾನೆ. ಆದುದರಿಂದ ಮರ್ದಕರ ವಿವರಗಳನ್ನು ಪೂರ್ಣವಾಗಿ ಪಡೆಯಬೇಕಾದರೆ ಒಂದು ಗ್ರಂಥದ ಲೋಪವನ್ನು ಇನ್ನೊಂದರಿಂದ ತುಂಬಿಕೊಳ್ಳಬೇಕಾಗುತ್ತದೆ. ಏನೇ ಆಗಲಿ, ದಶವೈಕಾಲಿಕವು ಸಂವಾಹನವನ್ನು ವರ್ಜಿಸಿದಾಗ ಅದರ ಕಣ್ಣೆದುರಿಗೆ ಇದ್ದದ್ದು ಈ ಅರಮನೆಯ ವ್ಯಾಯಾಮಶಾಲೆ. ಅಲ್ಲಿ ಸಂವಾಹನವು ಸ್ನಾನ, ವಿಲೇಪನ, ಆಭರಣಗಳಿಗೆ ಪೀಠಿಕೆಯಾದ ಭೋಗಾಂಗ. ಕರ್ಣಾಟಕದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಪಾದಾಭ್ಯಂಗವನ್ನು ಅರಸನ ಉಪಭೋಗಗಳಲ್ಲಿಯೇ ಎಣಿಸಿದೆ ಎಂಬುದನ್ನು ಇದರೊಡನೆ ಹೋಲಿಸಬಹುದು. ಭೋಗವೆಂದು ಎಣಿಸಿದ್ದನ್ನು ತ್ಯಾಗಿಗೆ ನಿಷೇಧಿಸುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ವೈದ್ಯಶಾಸ್ತ್ರದಲ್ಲಿ ಈ ಕ್ರಿಯೆಗಳಿಗೆ ಬೇರೊಂದು ನೆಲೆಯಿತ್ತು. ಚರಕಸಂಹಿತೆಯ ಸೂತ್ರಸ್ಥಾನವು ಎಣ್ಣೆ ಸವರಿದ ಗಡಿಗೆ, ತೊಗಲು, ಬಂಡಿಯ ಅಚ್ಚುಗಳ ಉಪಮೆಯಿಂದ ಅಭ್ಯಂಗದ ಫಲವನ್ನು ವಿವರಿಸುತ್ತದೆ. ಸ್ಪರ್ಶನೇಂದ್ರಿಯದಲ್ಲಿ ವಾಯುವೇ ಅಧಿಕ, ಆ ಇಂದ್ರಿಯಕ್ಕೆ ಚರ್ಮವೇ ಆಶ್ರಯ, ಆದುದರಿಂದ ವಾತವನ್ನು ಶಮನಗೊಳಿಸುವ ಅಭ್ಯಂಗವು ತ್ವಕ್ಕಿಗೆ ಹಿತ ಎಂಬುದು ಅದರ ಯುಕ್ತಿ. ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಅಭ್ಯಂಗ, ಉದ್ವರ್ತನ, ಉತ್ಸಾದನ, ಉದ್ಘರ್ಷಣ, ಸಂವಾಹನಗಳ ಗುಣಗಳನ್ನು ಪ್ರತ್ಯೇಕಿಸಿ ಹೇಳಿದ್ದಾನೆ. ಆದರೆ ಪ್ರಕೃತ ವಿಷಯಕ್ಕೆ ಅವನ ಭಗ್ನಚಿಕಿತ್ಸಾಧ್ಯಾಯವೇ ಹೆಚ್ಚು ಮುಖ್ಯ. ಸ್ಥಾನ ತಪ್ಪಿದ ಸಂಧಿಯನ್ನು ಸರಿಪಡಿಸುವಲ್ಲಿ ಎಳೆಯುವುದು, ಒತ್ತುವುದು, ಸೇರಿಸುವುದು, ಕಟ್ಟುವುದು ಎಂಬ ನಾಲ್ಕು ಕ್ರಿಯೆಗಳನ್ನು ಅವನು ಹೇಳುತ್ತಾನೆ. ಮೊಳಕೈ ಜಾರಿದರೆ ಹೆಬ್ಬೆರಳಿನಿಂದ ಸಂಧಿಯನ್ನು ನೀವಿ, ಒತ್ತಿ ಕೂರಿಸಿ, ಅನಂತರ ತೋಳನ್ನು ಚಾಚಿಸಿ ಮಡಿಸಬೇಕು, ಸ್ನೇಹಸೇಕವನ್ನು ಮಾಡಬೇಕು. ಅಂಗೈ ಮುರಿದು ಕೂಡಿಕೊಂಡವನು ಮೊದಲು ಮೆತ್ತನೆಯ ಮುದ್ದೆಯನ್ನು ಹಿಡಿದು, ಕ್ರಮಕ್ರಮವಾಗಿ ಗಟ್ಟಿಯಾದ ವಸ್ತುವಿಗೆ ಬಂದು, ಕೈಯಲ್ಲಿ ಬಲ ಹುಟ್ಟಿದ ಮೇಲೆ ಕಲ್ಲನ್ನು ಹಿಡಿಯಬೇಕು. ಇಂದು ಫಿಸಿಯೋಥೆರಪಿಯೆಂದು ಕರೆಯಲ್ಪಡುವ ಚಿಕಿತ್ಸೆಯ ಕ್ರಮವೃದ್ಧಿತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಚಾಚಿಸುವುದು ಮಡಿಸುವುದು, ಪ್ರಸಾರಣ ಆಕುಂಚನ, ಎಂಬ ಈ ಜೋಡಿಪದವನ್ನು ನೆನಪಿನಲ್ಲಿಡಬೇಕು.

ಇನ್ನು ಶಿವಾರ್ಯನ ಭಗವತೀ ಆರಾಧನೆಗೆ ಬರಬಹುದು. ಪ್ರಾಕೃತಗಾಥೆಗಳ ಈ ಗ್ರಂಥವು ೧೯೩೫ರಲ್ಲಿ ಸೊಲ್ಲಾಪುರದಿಂದ ಅಪರಾಜಿತಸೂರಿಯ ವಿಜಯೋದಯಾ, ಆಶಾಧರನ ಮೂಲಾರಾಧನಾದರ್ಪಣ ಮೊದಲಾದ ವ್ಯಾಖ್ಯಾನಗಳೊಡನೆ ಪ್ರಕಟವಾಯಿತು, ೧೯೭೮ರಲ್ಲಿ ಪಂ. ಕೈಲಾಶಚಂದ್ರ ಶಾಸ್ತ್ರಿಗಳ ಸಂಪಾದನೆಯಲ್ಲಿ ಜೀವರಾಜ ಜೈನ ಗ್ರಂಥಮಾಲೆಯಿಂದ ಮತ್ತೆ ಹೊರಬಂದಿತು. ಸಲ್ಲೇಖನವ್ರತವನ್ನು ಕೈಗೊಂಡ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕಮುನಿಗಳು ಸಹಾಯಕರಾಗಿರಬೇಕೆಂದು ಅದು ವಿಧಿಸುತ್ತದೆ. ನಾಲ್ವರಂತೆ ಹನ್ನೆರಡು ಗುಂಪುಗಳು. ಧರ್ಮಕಥೆ ಹೇಳುವವರು, ಆಹಾರಪಾನಗಳನ್ನು ತರುವವರು, ಮಲವನ್ನು ತೆಗೆಯುವವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು, ಬಂದ ಜನಕ್ಕೆ ಉಪದೇಶ ಮಾಡುವವರು, ವಾದಿಗಳನ್ನು ಎದುರಿಸುವವರು, ಹೀಗೆ. ಇವೆಲ್ಲಕ್ಕೂ ಮೊದಲು ಹೇಳಿದ ನಾಲ್ವರ ಕೆಲಸವು ಕ್ಷಪಕನ ಶರೀರವನ್ನು ನೋಡಿಕೊಳ್ಳುವುದು. ಧರ್ಮಕಥೆಯು ಎರಡನೆಯ ನಾಲ್ವರದು. ಈ ಕ್ರಮವು ಆಕಸ್ಮಿಕವೆಂದು ಹೇಳುವುದು ಕಷ್ಟ; ನೋವಿನಿಂದ ಒದ್ದಾಡುವವನ ಕಿವಿಗೆ ಧರ್ಮಕಥೆಯು ಇಳಿಯಲಾರದೆಂಬುದನ್ನು ಶಿವಾರ್ಯನು ಬಲ್ಲನು.

ಆ ಮೊದಲ ನಾಲ್ವರ ಕೆಲಸಗಳನ್ನು ಗಾಥೆಯು ಒಂದೊಂದಾಗಿ ಹೆಸರಿಸುತ್ತದೆ: ಆಮರ್ಶನ, ಪರಿಮರ್ಶನ, ನಡೆದಾಡಿಸುವುದು, ಮಲಗಿಸುವುದು, ಕುಳ್ಳಿರಿಸುವುದು, ನಿಲ್ಲಿಸುವುದು, ಉದ್ವರ್ತನ, ಪರಿವರ್ತನ, ಪ್ರಸಾರಣ, ಆಕುಂಚನ. ಆಮರ್ಶನವೆಂದರೆ ಶರೀರದ ಒಂದು ಭಾಗವನ್ನು ಮುಟ್ಟುವುದು, ಪರಿಮರ್ಶನವೆಂದರೆ ಸಮಸ್ತ ಶರೀರವನ್ನು ಕೈಯಿಂದ ಸ್ಪರ್ಶಿಸುವುದು ಎಂದು ಅಪರಾಜಿತಸೂರಿಯು ಬಿಡಿಸಿ ಹೇಳುತ್ತಾನೆ. ನೊಂದ ಎಡೆಯನ್ನು ಮಾತ್ರ ಮುಟ್ಟುವ ಉಪಚಾರಕ್ಕೂ ಮೈಯೆಲ್ಲವನ್ನೂ ನೀವುವ ಉಪಚಾರಕ್ಕೂ ವ್ಯತ್ಯಾಸವನ್ನು ಅರಿತು ಮಾಡಿದ ವ್ಯಾಖ್ಯಾನವಿದು. ಉಳಿದ ಪದಗಳು ಇನ್ನೊಂದು ಜಾತಿಯವು. ಅವುಗಳಲ್ಲಿ ಸ್ಪರ್ಶಕ್ಕಿಂತ ಚಲನೆಯೇ ಪ್ರಧಾನ. ಕ್ಷಪಕನ ಸಂಸ್ತರವು ನೆಲದ್ದೋ ಕಲ್ಲಿನದೋ ಹಲಗೆಯದೋ ಹುಲ್ಲಿನದೋ ಆಗಿರುತ್ತದೆ. ಆಹಾರವನ್ನು ಕ್ರಮವಾಗಿ ಇಳಿಸುತ್ತ ಬಂದು ಮಾಂಸ ಸವೆದ ದೇಹವು ಅಂಥ ಶಯ್ಯೆಯ ಮೇಲೆ ಒಂದೇ ಭಂಗಿಯಲ್ಲಿ ಉಳಿದರೆ ಎಲುಬಿನ ಉಬ್ಬುಗಳಲ್ಲಿ ಚರ್ಮವು ಒಡೆಯುತ್ತದೆ, ಮಡಿಸದ ಕೀಲು ಬಿಗಿಯುತ್ತದೆ. ಹಾಸಿಗೆ ಹಿಡಿದವರನ್ನು ಆಗಾಗ ಮಗ್ಗುಲು ಬದಲಿಸಬೇಕು, ತಾವಾಗಿ ಅಲ್ಲಾಡಿಸಲಾರದ ಕೈಕಾಲುಗಳನ್ನು ಬೇರೊಬ್ಬರು ಮಡಿಸಿ ಚಾಚಿಸಬೇಕು ಎಂದು ಇಂದಿನ ಶುಶ್ರೂಷಾಶಾಸ್ತ್ರವು ಹೇಳುವುದೂ ಈ ಕಾರಣದಿಂದಲೇ. ಸುಶ್ರುತನ ಮೊಳಕೈಚಿಕಿತ್ಸೆಯಲ್ಲಿ ಕಂಡ ಪ್ರಸಾರಣ ಆಕುಂಚನಗಳು ಇಲ್ಲಿ ವೈದ್ಯನ ಕೈಯಿಂದ ಸಹಮುನಿಯ ಕೈಗೆ ಬಂದಿವೆ.

ಈ ಪದಾವಳಿಯು ವೈದ್ಯದಿಂದ ಆಚಾರಕ್ಕೆ ಬಂದುದೋ? ಹಾಗೆಂದು ತಟ್ಟನೆ ನಿರ್ಣಯಿಸುವುದಕ್ಕೆ ಆರಾಧನೆಯೇ ಅಡ್ಡಿ ಬರುತ್ತದೆ. ಗ್ರಂಥದ ಆರಂಭಭಾಗದಲ್ಲಿ ಮುನಿಲಿಂಗದ ಅಂಗವಾದ ಪ್ರತಿಲೇಖನದ, ಎಂದರೆ ಪಿಂಛದ, ಪ್ರಯೋಜನವನ್ನು ಹೇಳುವಲ್ಲಿ ಇದೇ ಸರಣಿಯು ಬಹುಮಟ್ಟಿಗೆ ಇದೇ ಕ್ರಮದಲ್ಲಿ ಬಂದಿದೆ. ನಡೆಯುವಾಗ, ವಸ್ತುವನ್ನು ತೆಗೆದಿಡುವಾಗ, ನಿಲ್ಲುವಾಗ, ಕುಳಿತುಕೊಳ್ಳುವಾಗ, ಮಲಗುವಾಗ, ಮಗ್ಗುಲಾಗುವಾಗ, ಹೊರಳುವಾಗ, ಅಂಗಗಳನ್ನು ಚಾಚುವಾಗ, ಮಡಿಸುವಾಗ, ಮುಟ್ಟುವಾಗ ಮುನಿಯು ಪಿಂಛದಿಂದ ಮಾರ್ಜನ ಮಾಡಿಕೊಳ್ಳಬೇಕು. ಆ ಎಡೆಯಲ್ಲಿರಬಹುದಾದ ಸೂಕ್ಷ್ಮಜೀವಿಗಳಿಗೆ ಬಾಧೆಯಾಗಬಾರದು. ಆರೋಗ್ಯದಲ್ಲಿರುವ ಮುನಿಯು ತನ್ನ ಶರೀರದ ಪ್ರತಿಯೊಂದು ಚಲನೆಯನ್ನೂ ಹೀಗೆ ಹೆಸರಿಟ್ಟು, ಎಚ್ಚರದಿಂದ, ಜೀವದಯೆಯಿಂದ ಮಾಡಲು ಕಲಿತವನು. ಕ್ಷಪಕನಾಗಿ ಬಲ ಉಡುಗಿದಾಗ ಅದೇ ಚಲನೆಗಳನ್ನು ಅದೇ ಹೆಸರಿನಿಂದ, ಅದೇ ಎಚ್ಚರದಿಂದ ಇತರರು ಅವನಿಗಾಗಿ ನಡೆಸಿಕೊಡುತ್ತಾರೆ. ಈ ಎರಡು ಗಾಥೆಗಳ ನಡುವೆ ನೂರಾರು ಗಾಥೆಗಳ ಅಂತರವಿರುವುದರಿಂದ ಇವುಗಳ ಸಂಬಂಧವು ಓದುಗನ ಕಣ್ಣಿಗೆ ಬೀಳದೆ ಹೋಗಬಹುದು. ಆದರೆ ಸರಣಿಯ ಸಾಮ್ಯವು ಅಷ್ಟು ನಿಕಟವಾಗಿದೆ. ನಿರ್ಯಾಪಕಗಾಥೆಯ ಪದಗಳು ವೈದ್ಯಸಂಹಿತೆಯಿಂದಲ್ಲ, ಪ್ರತಿಲೇಖನದ ನಿಯಮದಿಂದಲೇ ಹುಟ್ಟಿಬಂದಿವೆಯೆಂದು ಹೇಳುವುದು ಯುಕ್ತ.

ಇಲ್ಲಿ ಭಾಷಾಂತರಕಾರರಿಗೆ ಒಂದು ಎಚ್ಚರಿಕೆಯ ಮಾತು ಅಗತ್ಯ. ‘ಉದ್ವರ್ತನ’ವೆಂಬ ಸಂಸ್ಕೃತಪದಕ್ಕೆ ವೈದ್ಯದಲ್ಲಿ ಚೂರ್ಣ ಅಥವಾ ಕಲ್ಕವನ್ನು ಹಾಕಿ ಮೈ ತಿಕ್ಕುವುದೆಂಬ ಅರ್ಥವು ರೂಢವಾಗಿದೆ. ದಶವೈಕಾಲಿಕವು ನಿಷೇಧಿಸಿದ್ದು ಅದನ್ನೇ; ಅಲ್ಲಿಯ ಪ್ರಾಕೃತರೂಪ ‘ಉವ್ವಟ್ಟಣ’. ಆರಾಧನೆಯಲ್ಲಿರುವುದು ‘ಉವ್ವತ್ತಣ’, ಒಂದು ಮಗ್ಗುಲಿಂದ ಎತ್ತಿ ತಿರುಗಿಸುವುದು. ಎರಡನ್ನೂ ಸಂಸ್ಕೃತಛಾಯೆಯಲ್ಲಿ ಉದ್ವರ್ತನವೆಂದೇ ಬರೆಯುವುದರಿಂದ, ಛಾಯೆಯನ್ನು ಮಾತ್ರ ನೋಡಿ ಅನುವಾದಿಸುವವರು ಕ್ಷಪಕನ ಮೈಗೆ ಸುಗಂಧಚೂರ್ಣವನ್ನು ತಿಕ್ಕಿಸುವ ಪ್ರಮಾದಕ್ಕೆ ಒಳಗಾಗಬಹುದು. ಪಕ್ಕದಲ್ಲಿಯೇ ಪರಿವರ್ತನ ಪದವಿರುವಾಗ ಇಲ್ಲಿ ತಿರುಗಿಸುವುದೆಂಬ ಅರ್ಥವಲ್ಲದೆ ಬೇರೊಂದು ಹೊಂದುವುದಿಲ್ಲ.

ಈ ಒಂದು ಪದದ ಮೇಲೆ ಇನ್ನೊಂದು ಪ್ರಶ್ನೆಯೂ ನಿಂತಿದೆ. ವೈಯಾವೃತ್ತ್ಯದ ವಿಷಯವನ್ನು ಸಂಗ್ರಹಿಸುವ ಗಾಥೆಯೊಂದು ಆರಾಧನೆಯಲ್ಲಿಯೂ ವಟ್ಟಕೇರನ ಮೂಲಾಚಾರದಲ್ಲಿಯೂ ಅಲ್ಪಭೇದದಿಂದ ಬಂದಿದೆ. ಶಯ್ಯೆ, ಆಸನ, ಉಪಧಿ, ಪ್ರತಿಲೇಖನ, ಆಹಾರ, ಔಷಧ, ವಾಚನೆ, ಮಲವಿಸರ್ಜನೆ ಇವುಗಳಲ್ಲಿ ಮುನಿಗೆ ಉಪಕಾರ ಮಾಡುವುದೆಂದು ಎರಡೂ ಕಡೆ ಹೇಳಿದ ಬಳಿಕ, ಕೊನೆಯ ಪದವು ಆರಾಧನೆಯಲ್ಲಿ ‘ಉವ್ವತ್ತಣ’ವಾಗಿದೆ, ಮೂಲಾಚಾರದ ಮುದ್ರಿತಪಾಠದಲ್ಲಿ ‘ವಂದಣ’ವಾಗಿದೆ. ಒಂದು ಪಾಠದಲ್ಲಿ ಕಾಯಿಲೆಯ ಮುನಿಗೆ ಮಗ್ಗುಲು ತಿರುಗಿಸುವ ಕೈ ದೊರೆಯುತ್ತದೆ, ಇನ್ನೊಂದರಲ್ಲಿ ನಮಸ್ಕಾರ ದೊರೆಯುತ್ತದೆ. ಮಲವನ್ನು ತೆಗೆಯುವ ಕ್ರಿಯೆಯ ಬೆನ್ನಿಗೇ ಮಗ್ಗುಲು ತಿರುಗಿಸುವುದು ಬರುವುದು ಸಹಜ, ಮಲಶೋಧನೆಗೆ ತಿರುಗಿಸಲೇಬೇಕು. ವಂದನೆಯಾದರೋ ಆ ಸಾಲಿನಲ್ಲಿ ತುಸು ಹೊರಗಿನ ಅತಿಥಿಯಂತಿದೆ. ಹೆಚ್ಚು ಅಪರಿಚಿತವಾದ ಪದವನ್ನು ಬಿಟ್ಟು ಹೆಚ್ಚು ಪರಿಚಿತವಾದುದನ್ನು ಬರೆಯುವುದು ಲಿಪಿಕಾರರ ಸ್ವಭಾವವೆಂಬ ನ್ಯಾಯವನ್ನು ಅನುಸರಿಸಿದರೆ ಆರಾಧನೆಯ ಪಾಠವೇ ಮೂಲಕ್ಕೆ ಹತ್ತಿರವೆನ್ನಬೇಕಾಗುತ್ತದೆ. ಮೂಲಾಚಾರದ ಹಳೆಯ ಓಲೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವ ಕಾರ್ಯವು ಕನ್ನಡನಾಡಿನ ಭಾಂಡಾರಗಳಿಗೆ ಪ್ರವೇಶವುಳ್ಳ ಪಂಡಿತರಿಗೆ ಯೋಗ್ಯವಾದುದು.

ಆರಾಧನೆಯು ಇಷ್ಟಕ್ಕೇ ನಿಲ್ಲುವುದಿಲ್ಲ. ಕ್ಷಪಕನಿಗೆ ತೀವ್ರವೇದನೆ ಉಂಟಾದಾಗ ನಿರ್ಯಾಪಕನು ಅವನನ್ನು ಹೇಗೆ ಚಿಕಿತ್ಸಿಸಬೇಕೆಂಬುದನ್ನು ಹೇಳುವ ಗಾಥೆಯಲ್ಲಿ ಬಸ್ತಿಕರ್ಮ, ಶಾಖ ಕೊಡುವುದು, ಲೇಪ, ಶೀತಕ್ರಿಯೆಗಳೊಡನೆ ಅಭ್ಯಂಗನವೂ ಪರಿಮರ್ದನವೂ ಸ್ಪಷ್ಟವಾಗಿ ಉಕ್ತವಾಗಿವೆ. ಕಲ್ಪಸೂತ್ರದಲ್ಲಿ ಅರಸನ ಮರ್ದಕರು ಬಲ್ಲವರಾಗಿದ್ದ ಅಭ್ಯಂಗನ ಪರಿಮರ್ದನಗಳೇ ಇವು. ದಶವೈಕಾಲಿಕವು ಹೆಸರು ಹಿಡಿದು ವರ್ಜಿಸಿದ ಬಸ್ತಿ ಅಭ್ಯಂಗಗಳೇ ಇವು. ಅಪರಾಜಿತಸೂರಿಯ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಸ್ವಾರಸ್ಯವಿದೆ. ಪಂ. ನಾಥೂರಾಮ ಪ್ರೇಮಿಯವರು ಯಾಪನೀಯನೆಂದು ಗುರುತಿಸಿದ ಈ ವ್ಯಾಖ್ಯಾನಕಾರನು ದಶವೈಕಾಲಿಕಕ್ಕೂ ಟೀಕೆಯನ್ನು ಬರೆದಿದ್ದನೆಂಬುದು ಅವನ ಮಾತಿನಿಂದಲೇ ತಿಳಿಯುತ್ತದೆ. ನಿಷೇಧಿಸುವ ಗ್ರಂಥಕ್ಕೂ ವಿಧಿಸುವ ಗ್ರಂಥಕ್ಕೂ ಒಬ್ಬನೇ ಟೀಕಾಕಾರ! ಅವನಿಗೆ ಇವೆರಡರಲ್ಲಿ ವಿರೋಧವು ಕಂಡಿದ್ದರೆ ಆರಾಧನೆಯ ಆ ಗಾಥೆಗಳಲ್ಲಿ ಸಮಾಧಾನವನ್ನು ಹೇಳದೆ ಬಿಡುತ್ತಿರಲಿಲ್ಲ. ದಶವೈಕಾಲಿಕದ ಮೇಲಣ ಆ ಟೀಕೆಯು ಲುಪ್ತವಾಗಿರುವುದು ದೊಡ್ಡ ನಷ್ಟ. ಯಾಪನೀಯಸಂಘದ ಶಾಸನಗಳು ಕರ್ಣಾಟಕದಲ್ಲಿ ಹೇರಳವಾಗಿ ದೊರೆತಿರುವಾಗ ಅದರ ಒಂದು ಓಲೆಯಾದರೂ ಇಲ್ಲಿ ಉಳಿದಿರಬಹುದೆಂಬ ಆಸೆಯು ಅಸಂಗತವಲ್ಲ.

ವಿರೋಧವಿಲ್ಲವೆಂಬುದಕ್ಕೆ ತಾತ್ತ್ವಿಕವಾದ ಆಧಾರವನ್ನು ತತ್ತ್ವಾರ್ಥಸೂತ್ರದ ವ್ಯಾಖ್ಯಾನಗಳು ಒದಗಿಸುತ್ತವೆ. ವೈಯಾವೃತ್ತ್ಯವು ಆರು ಅಭ್ಯಂತರತಪಸ್ಸುಗಳಲ್ಲಿ ಒಂದು. ಅದಕ್ಕೆ ಪಾತ್ರರಾದ ಹತ್ತು ಮಂದಿಯಲ್ಲಿ ಗ್ಲಾನ, ಎಂದರೆ ರೋಗಿಯಾದ ಮುನಿಯೂ ಸೇರಿದ್ದಾನೆ. ಪೂಜ್ಯಪಾದನು ಸರ್ವಾರ್ಥಸಿದ್ಧಿಯಲ್ಲಿ ಶರೀರದ ಚೇಷ್ಟೆಯಿಂದಲಾಗಲಿ ಬೇರೆ ದ್ರವ್ಯದಿಂದಲಾಗಲಿ ಮಾಡುವ ಉಪಾಸನೆಯು ವೈಯಾವೃತ್ತ್ಯವೆಂದು ಲಕ್ಷಣ ಹೇಳಿದ್ದಾನೆ. ಕಾಯಚೇಷ್ಟೆಯು ಮೊದಲು, ದ್ರವ್ಯವು ಅನಂತರ. ಅಕಲಂಕನು ರಾಜವಾರ್ತಿಕದಲ್ಲಿ ಇದನ್ನು ಇನ್ನೂ ಬೆಳೆಸಿ, ಔಷಧ ಭಕ್ತ ಪಾನಾದಿ ಬಾಹ್ಯದ್ರವ್ಯಗಳು ಸಿಗದ ಪಕ್ಷದಲ್ಲಿಯೂ ತನ್ನ ಶರೀರದಿಂದಲೇ ಶ್ಲೇಷ್ಮಾದಿ ಮಲಗಳನ್ನು ತೆಗೆಯುವುದು, ರೋಗಿಗೆ ಅನುಕೂಲವಾದುದನ್ನು ಆಚರಿಸುವುದು ವೈಯಾವೃತ್ತ್ಯವೆನ್ನುತ್ತಾನೆ. ಅಪರಿಗ್ರಹಿಯಾದ ಮುನಿಯ ಬಳಿ ಔಷಧದ ಪೆಟ್ಟಿಗೆಯಿಲ್ಲ, ತೈಲದ ಗಿಂಡಿಯಿಲ್ಲ. ಯಾಚಿಸದೆ, ಸಂಗ್ರಹಿಸದೆ, ಹೊತ್ತುಗೊತ್ತಿಲ್ಲದೆ ಅವನು ಕೊಡಬಲ್ಲ ಚಿಕಿತ್ಸೆ ತನ್ನ ಎರಡು ಕೈಗಳು ಮಾತ್ರ. ಇದನ್ನು ಬಲ್ಲ ಶಾಸ್ತ್ರಕಾರರು ಹಸ್ತೋಪಚಾರವನ್ನು ಗೌಣವೆಂದು ಎಣಿಸದಿದ್ದುದು ಉಚಿತವೇ ಆಗಿದೆ. ಆದುದರಿಂದ ಭೇದವಿರುವುದು ಕ್ರಿಯೆಯಲ್ಲಲ್ಲ. ತನ್ನ ಸುಖಕ್ಕಾಗಿ ಬಯಸಿ ಮಾಡಿಸಿಕೊಂಡರೆ ಸಂವಾಹನವು ಅನಾಚಾರ. ಮತ್ತೊಬ್ಬನ ಸಮಾಧಿಯು ನೋವಿನಿಂದ ಕೆಡದಿರಲೆಂದು ಮಾಡಿದರೆ ಅದೇ ಸಂವಾಹನವು ತಪಸ್ಸು. ಪರಕ್ರಿಯಾಪ್ರಕರಣವೂ ಒತ್ತುವವನ ಕೈಯನ್ನು ದೂಷಿಸಲಿಲ್ಲ, ಒತ್ತಿಸಿಕೊಳ್ಳುವವನ ಬಯಕೆಯನ್ನು ದೂಷಿಸಿತು ಎಂಬುದು ಇಲ್ಲಿ ಸ್ಮರಣೀಯ.

ಶ್ರಾವಕನಿಗೂ ಈ ಅಧಿಕಾರವುಂಟು. ಸಮಂತಭದ್ರನು ರತ್ನಕರಂಡಕದಲ್ಲಿ ವೈಯಾವೃತ್ತ್ಯವೆಂಬ ಶಿಕ್ಷಾವ್ರತವನ್ನು ನಿರೂಪಿಸುವಾಗ, ಸಂಯಮಿಗಳ ಆಪತ್ತನ್ನು ಹೋಗಲಾಡಿಸುವುದರ ಜೊತೆಗೆ ಗುಣಾನುರಾಗದಿಂದ ಪಾದಗಳನ್ನು ಒತ್ತುವುದನ್ನು ಹೆಸರಿಸಿಯೇ ಹೇಳಿದ್ದಾನೆ. ಇತರ ಉಪಕಾರಗಳನ್ನು ಸಾಮಾನ್ಯಪದದಿಂದ ಸಂಗ್ರಹಿಸಿ ಪಾದಸಂವಾಹನವೊಂದನ್ನು ಪ್ರತ್ಯೇಕಿಸಿದ್ದು ಸಾಭಿಪ್ರಾಯವಾದುದು. ವಾಹನವನ್ನು ಏರದೆ, ಪಾದರಕ್ಷೆಯಿಲ್ಲದೆ, ಊರಿಂದೂರಿಗೆ ವಿಹಾರ ಮಾಡುವವರ ನೋವು ಮೊದಲು ತಂಗುವುದು ಅಲ್ಲಿಯೇ.

ನಿರ್ಯಾಪಕರ ಸಂಖ್ಯೆಯ ವಿಷಯದಲ್ಲಿಯೂ ಒಂದು ಮಾತನ್ನು ಸೇರಿಸಬಹುದು. ಕಾಲವು ಅನುಕೂಲವಿಲ್ಲದಲ್ಲಿ ನಲವತ್ತೆಂಟನ್ನು ನಾಲ್ಕು ನಾಲ್ಕಾಗಿ ಇಳಿಸುತ್ತ ಬರಬಹುದು. ಕಟ್ಟಕಡೆಗೆ ಇಬ್ಬರಿದ್ದರೂ ಸಾಕು. ಆದರೆ ಒಬ್ಬನೇ ಇರಕೂಡದು. ಒಬ್ಬನು ಭಿಕ್ಷೆಗೆ ಹೋದರೆ ಕ್ಷಪಕನು ಅನಾಥನಾಗುತ್ತಾನೆ. ಹೋಗದಿದ್ದರೆ ಸೇವೆ ಮಾಡುವವನೇ ಬಳಲುತ್ತಾನೆ. ಮಲಗಿದವನನ್ನು ಎತ್ತಿ ತಿರುಗಿಸಿದ ಅನುಭವವುಳ್ಳವರಿಗೆ ಈ ನಿಯಮದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶ್ವೇತಾಂಬರ ಪರಂಪರೆಯ ಕಥಾಭಾಗದಲ್ಲಿ ಹಸ್ತೋಪಚಾರದ ಮಹಿಮೆಯನ್ನು ಸಾರುವ ಜೀವಾನಂದವೈದ್ಯನ ಪ್ರಸಂಗವಿದೆ. ಋಷಭದೇವನ ಪೂರ್ವಭವಗಳಲ್ಲಿ ಒಂದಾದ ಇದನ್ನು ಹೇಮಚಂದ್ರನು ತ್ರಿಷಷ್ಟಿಶಲಾಕಾಪುರುಷಚರಿತದಲ್ಲಿ ವಿಸ್ತರಿಸಿದ್ದಾನೆ. ಕ್ರಿಮಿರೋಗದಿಂದ ನವೆಯುತ್ತಿದ್ದ ಮುನಿಯ ಮೈಗೆ ಜೀವಾನಂದನೂ ಅವನ ಗೆಳೆಯರೂ ಲಕ್ಷಪಾಕತೈಲವನ್ನು ಸವರುತ್ತಾರೆ. ತೈಲದ ಉಷ್ಣತೆಗೆ ಹೊರಬಂದ ಕ್ರಿಮಿಗಳನ್ನು ರತ್ನಕಂಬಳದಲ್ಲಿ ತೆಗೆದುಕೊಂಡು ಅವು ಸಾಯದಂತೆ ಗೋವಿನ ಕಳೇಬರದ ಮೇಲೆ ಬಿಡುತ್ತಾರೆ. ಅನಂತರ ಗೋಶೀರ್ಷಚಂದನದಿಂದ ಮುನಿಯ ತಾಪವನ್ನು ಆರಿಸುತ್ತಾರೆ. ತ್ವಚೆ, ಮಾಂಸ, ಅಸ್ಥಿ ಎಂಬ ಕ್ರಮದಲ್ಲಿ ಮೂರು ಬಾರಿ ಈ ಕ್ರಿಯೆಯು ನಡೆಯುತ್ತದೆ. ಕಲ್ಪಸೂತ್ರದ ಸಂವಾಹನದಲ್ಲಿಯೂ ಇದೇ ಅಂತಸ್ತುಗಳನ್ನು ಕಂಡಾಗಿದೆ. ಅಲ್ಲಿ ಸುಖಕ್ಕೆ ಹೇಳಿದ್ದು ಇಲ್ಲಿ ವ್ಯಾಧಿಗೆ ಹೇಳಿದೆ.

ಕನ್ನಡದ ವಡ್ಡಾರಾಧನೆಯು ಆರಾಧನೆಯ ಗಾಥೆಗಳನ್ನೇ ತಲೆಯಲ್ಲಿಟ್ಟುಕೊಂಡು ಹತ್ತೊಂಬತ್ತು ಕಥೆಗಳನ್ನು ಹೇಳುವ ಗ್ರಂಥವಾದರೂ, ನಿರ್ಯಾಪಕಗಾಥೆಗಳ ಈ ಶುಶ್ರೂಷೆಯ ಪಕ್ಷಕ್ಕೆ ಅದರಲ್ಲಿ ಅಷ್ಟಾಗಿ ಎಡೆಯಿಲ್ಲ. ಸನತ್ಕುಮಾರಚಕ್ರವರ್ತಿಯ ಕಥೆಯಲ್ಲಿ ದೇವನು ವೈದ್ಯನ ವೇಷದಿಂದ ಬಂದಾಗ ರೋಗಪೀಡಿತನಾದ ಮುನಿಯು ಶರೀರದ ವ್ಯಾಧಿಗೆ ಮದ್ದನ್ನು ಒಲ್ಲದೆ ಸಂಸಾರವೆಂಬ ವ್ಯಾಧಿಗೆ ಮದ್ದುಂಟೇ ಎಂದು ಕೇಳುವ ನಿಲುವೇ ಅಲ್ಲಿ ಆದರ್ಶ. ಆ ಗ್ರಂಥಕ್ಕೆ ಪರೀಷಹ ಉಪಸರ್ಗಗಳನ್ನು ಒಂಟಿಯಾಗಿ ಸಹಿಸಿದ ವೀರರೇ ಬೇಕು. ಡಿ. ಎಲ್. ನರಸಿಂಹಾಚಾರ್ಯರ ೧೯೪೯ರ ಸಂಪಾದನೆಯಿಂದ ಅದು ಕನ್ನಡಿಗರ ಕೈಸೇರಿದ ಮೇಲೆ, ಆರಾಧನೆಯೆಂದರೆ ಸಹನೆಯ ಕಥೆಯೆಂಬ ಭಾವನೆ ಬಲವಾಗಿ ನಿಂತಿತು. ಮೂಲಗಾಥೆಗಳಲ್ಲಿ ಸಹಿಸುವವನ ಪಕ್ಕದಲ್ಲಿ ಅವನ ಕಾಲನ್ನು ಮೆಲ್ಲನೆ ಮಡಿಸುತ್ತಿರುವ ಇನ್ನೊಬ್ಬನೂ ಇದ್ದಾನೆ.

ವೈದ್ಯಗ್ರಂಥಗಳ ವಿಷಯದಲ್ಲಿ ಇಲ್ಲಿ ಸಂಕ್ಷೇಪವೇ ಸಾಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಮಾಂಸಭಕ್ಷಣವನ್ನು ಖಂಡಿಸಿ ವಾದಿಸಿದ ಉಗ್ರಾದಿತ್ಯನ ಕಲ್ಯಾಣಕಾರಕವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ ೧೯೪೦ರಲ್ಲಿ ಸ���ಲ್ಲಾಪುರದಿಂದ ಪ್ರಕಟವಾಗಿದೆ. ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟ ಆ ಪರಂಪರೆಯಲ್ಲಿ, ವೈದ್ಯಸಂಹಿತೆಗಳು ಹೇಳುವ ನಾಲ್ಕು ಸ್ನೇಹಗಳಾದ ಘೃತ, ತೈಲ, ವಸೆ, ಮಜ್ಜೆಗಳ ಪೈಕಿ ಪ್ರಾಣಿವಧೆಯಿಂದ ದೊರೆಯುವ ಕೊನೆಯ ಎರಡಕ್ಕೆ ಸ್ಥಾನವೆಲ್ಲಿಯದು? ವಾತವ್ಯಾಧಿಯ ಅಭ್ಯಂಗಗಳು ತುಪ್ಪ ಮತ್ತು ಎಣ್ಣೆಗಳ ಮೇಲೆಯೇ ನಿಲ್ಲಬೇಕಾಯಿತು. ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದ ಸೋಮನಾಥನೂ ಇದೇ ದಾರಿಯವನು.

ಈ ಗ್ರಂಥಗಳನ್ನು ಉಳಿಸಿಕೊಟ್ಟವರ ದೇಹಶ್ರಮಕ್ಕೆ ಒಂದೇ ಒಂದು ಕುರುಹು ಉಳಿದಿದೆ. ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ರೂಢಿಯಾಗಿ ಬರೆಯುವ ಶ್ಲೋಕವೊಂದರಲ್ಲಿ ಬೆನ್ನು, ಸೊಂಟ, ಕತ್ತುಗಳು ಮುರಿದು, ದೃಷ್ಟಿ ಸ್ತಬ್ಧವಾಗಿ, ಮುಖ ಕೆಳಗಾಗಿ ಕಷ್ಟದಿಂದ ಬರೆದ ಗ್ರಂಥವನ್ನು ಯತ್ನದಿಂದ ಕಾಪಾಡಬೇಕೆಂಬ ಬಿನ್ನಹವಿರುತ್ತದೆ. ಅದನ್ನು ಕೇವಲ ಸಂಪ್ರದಾಯವೆಂದು ತಳ್ಳಿಹಾಕುವ ಸೂಚೀಕಾರರಿದ್ದಾರೆ. ಎಡಗೈಯಲ್ಲಿ ಓಲೆಯನ್ನು ಹಿಡಿದು, ಬಲಗೈಯ ಕಂಠವನ್ನು ಎಡಗೈಯ ಹೆಬ್ಬೆರಳಿಗೆ ಆನಿಸಿ, ಮೊಣಕಾಲಿನ ಮೇಲೆ ಬಾಗಿ ದಿನವೆಲ್ಲ ಕೊರೆಯುವವನ ಕತ್ತು ಸೊಂಟಗಳ ಸ್ಥಿತಿಯನ್ನು ಆ ಶ್ಲೋಕವು ಸ್ವಲ್ಪವೂ ಹೆಚ್ಚಿಸಿ ಹೇಳಿಲ್ಲ. ಅವನ ಬೆನ್ನನ್ನು ಯಾರು ಒತ್ತಿದರೆಂಬುದನ್ನು ಯಾವ ಪುಷ್ಪಿಕೆಯೂ ಬರೆದಿಡುವುದಿಲ್ಲ.